ಸವಣೂರು ಪರಿಸರದಲ್ಲಿ ಜೀಪಿನ ಲೋ ಗಿಯರು: ಒಂದು ಚಾರಿತ್ರಿಕ ವಿವೇಚನೆ

1

ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವಭಾಗದಲ್ಲಿ, ಪುತ್ತೂರಿನಿಂದ ಕಾಣಿಯೂರಿನ ಮೂಲಕ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಸವಣೂರು ಎಂಬ ಗ್ರಾಮವಿದೆ. ನವಾಬರ ಆಳಿಕೆಯಿಂದ ಪ್ರಸಿದ್ಧವಾದ ಹಾವೇರಿ ಜಿಲ್ಲೆಯ ಸವಣೂರು ಇದಲ್ಲ. ಬಹುಕಾಲ ಪುತ್ತೂರು ತಾಲೂಕಿಗೆ ಸೇರಿದ್ದ ಈ ಗ್ರಾಮ ಈಚೆಗೆ ರಚಿತವಾದ ಕಡಬ ತಾಲೂಕಿನಲ್ಲಿದೆ. ಇದರ ದಕ್ಷಿಣಕ್ಕೆ ಬೆಳ್ಳಾರೆ, ಸುಳ್ಯಗಳ ಕಡೆಯ ಗುಡ್ಡಗಳೂ, ಪೂರ್ವಕ್ಕೆ ಘಟ್ಟದ ಬುಡದ ಕಾಡುಗಳೂ ಹರಡಿಕೊಂಡಿವೆ.

ಈ ಸೀಮೆಯ ಸಾರಿಗೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ವಿಚಾರಿಸುತ್ತಾರೆ. ಮಾರ್ಗವಾದುದು ಯಾವಾಗ, ಮೋಟಾರು ಬಂದುದು ಯಾವಾಗ. ಇವೆರಡೂ ಮುಖ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಾರ್ಗವಾದ ಮೇಲೂ ಮಾರ್ಗದಿಂದ ಮನೆಯ ಅಂಗಳದವರೆಗೆ, ಅಂಗಳದಿಂದ ತೋಟದವರೆಗೆ ಉಳಿಯುವ ಒಂದೆರಡು ಫರ್ಲಾಂಗು ದೂರವನ್ನು ಯಾರು ಹೇಗೆ ಕ್ರಮಿಸಿದರು ಎಂಬ ಮೂರನೆಯ ಪ್ರಶ್ನೆಯೊಂದುಂಟು. ಇದಕ್ಕೆ ಉತ್ತರವನ್ನು ಹುಡುಕುವಾಗ ನಾವು ಎಂಜಿನ್ನಿನ ಅಶ್ವಶಕ್ತಿಯನ್ನಲ್ಲ, ಗಿಯರುಗಳ ಹಲ್ಲುಗಳನ್ನು ಎಣಿಸಬೇಕಾಗುತ್ತದೆ ಎಂಬುದು ಈ ಲೇಖನದ ವಾದ. ಯುದ್ಧಕ್ಕಾಗಿ ಹುಟ್ಟಿದ ಜೀಪು ಕೃಷಿಕನ ಜೀಪಾಗಬೇಕಾದರೆ ಅದರ ಗಿಯರು ತಗ್ಗಬೇಕಾಯಿತು. ಈ ತಗ್ಗಿಸುವಿಕೆಯನ್ನು ಕೆಲವರು ಬೇಕೆಂದೇ ಆರಿಸಿಕೊಂಡರು, ಕೆಲವರಿಗೆ ಅದು ದೊರೆಯದೆ ಹೋಯಿತು. ಆ ಆಯ್ಕೆಯ ಗುರುತು ಇಂದಿಗೂ ಹಳೆಯ ಜೀಪುಗಳ ಅಚ್ಚಿನೊಳಗೆ ಉಳಿದುಕೊಂಡಿದೆ.

ಪದದ ವಿಷಯದಲ್ಲಿ ಒಂದು ಸೂಚನೆ. ಪುತ್ತೂರಿನ ಕಡೆ ‘ಗೇರು’ ಎಂದರೆ ಮರ, ಅದರ ಹಣ್ಣು, ಅದರ ಬೀಜ. ಗೇರು ಕೃಷಿಯ ಸಂಶೋಧನೆಗೆಂದೇ ಕೇಂದ್ರ ಸರಕಾರದ ಸಂಸ್ಥೆಯೊಂದು 1986ರಿಂದ ಪುತ್ತೂರಿನಲ್ಲಿದೆ. ಆದುದರಿಂದ ಗೊಂದಲಕ್ಕೆ ಎಡೆಯಾಗದಂತೆ ನಾವು ಯಂತ್ರದ ಭಾಗವನ್ನು ‘ಗಿಯರು’ ಎಂದೇ ಬರೆದಿದ್ದೇವೆ.

2

ಮೊದಲು ನೆಲದ ವಿಚಾರ. ಈ ಭಾಗದ ಗುಡ್ಡಗಳು ಬಹುಮಟ್ಟಿಗೆ ಮುರಕಲ್ಲಿನವು. ಗುಡ್ಡದ ನೆತ್ತಿ ಬೋಳು ಅಥವಾ ಕುರುಚಲು. ಇಳಿಜಾರಿನ ನಡುವೆ ಎಲ್ಲಿಯೋ ಮನೆ. ಅದರ ಕೆಳಗೆ, ನೀರಿರುವ ತಗ್ಗಿನಲ್ಲಿ, ಅಡಿಕೆಯ ತೋಟ. ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಎತ್ತರದ ಮೇಲೆಯೇ ವಿಂಗಡಿಸುವ ವಾಡಿಕೆಯುಳ್ಳ ನಾಡು ಇದು. ಸಾರ್ವಜನಿಕ ಮಾರ್ಗಗಳು ನೀರು ನಿಲ್ಲದ ಎತ್ತರವನ್ನು ಹಿಡಿದು ಹೋಗುತ್ತವೆ. ಬದುಕು ತಗ್ಗಿನಲ್ಲಿ ನಡೆಯುತ್ತದೆ. ಇವೆರಡನ್ನು ಕೂಡಿಸುವುದು ಓಣಿ. ನೂರಾರು ವರ್ಷಗಳ ಕಾಲ್ತುಳಿತದಿಂದಲೂ ಮಳೆನೀರಿನ ಕೊರೆತದಿಂದಲೂ ಆಳವಾದ, ಎರಡು ಕಡೆಯೂ ಮಣ್ಣಿನ ಗೋಡೆಗಳುಳ್ಳ ಈ ಓಣಿಗಳು ಮನುಷ್ಯರಿಗೂ ದನಗಳಿಗೂ ಆದವು; ಚಕ್ರಕ್ಕಾಗಿ ಆದವುಗಳಲ್ಲ. ತೋಡುಗಳನ್ನು ದಾಟಲು ಇದ್ದುದು ಅಡಿಕೆಯ ಮರದ ಸಂಕ.

ಘಟ್ಟದ ರಸ್ತೆಗಳಲ್ಲಿ ಸಾಮಾನ್ಯ ಏರು 20 ಅಡಿಗೆ 1 ಅಡಿಯನ್ನು ಮೀರಬಾರದು, ತೀರ ಅನಿವಾರ್ಯವಾದಲ್ಲಿಯೂ 14 ಅಡಿಗೆ 1 ಅಡಿಯ ಆಸುಪಾಸಿನಲ್ಲಿರಬೇಕು ಎಂಬುದು ಎಂಜಿನಿಯರುಗಳ ನಿಯಮ. 1979ರಲ್ಲಿ ಪೂರ್ಣಗೊಂಡು ಪುತ್ತೂರು, ನರಿಮೊಗರು, ಕಾಣಿಯೂರು, ಎಡಮಂಗಲಗಳನ್ನು ಹಾಯ್ದುಹೋಗುವ ಹಾಸನ-ಮಂಗಳೂರು ರೈಲುಮಾರ್ಗದ ಘಟ್ಟದ ಭಾಗದಲ್ಲಿಯಾದರೋ ಏರು 50ಕ್ಕೆ 1. ಅಷ್ಟನ್ನು ಸಾಧಿಸಲು ಅಲ್ಲಿ ಐವತ್ತಕ್ಕೂ ಮಿಕ್ಕಿ ಸುರಂಗಗಳನ್ನು ಕೊರೆಯಬೇಕಾಯಿತು. ರೈಲಿಗಾಗಿ ನೆಲವನ್ನೇ ತಿದ್ದುವುದು ಸಾಧ್ಯ, ಏಕೆಂದರೆ ಖರ್ಚು ಸರಕಾರದ್ದು. ಮನೆಯ ಓಣಿಯನ್ನು ತಿದ್ದಬೇಕಾದವನು ಮನೆಯವನೇ. ಪಕ್ಕದ ಜಾಗ ಇನ್ನೊಬ್ಬರದಾದರೆ ಓಣಿಯನ್ನು ಬಳಸಿ ತೆಗೆಯುವಂತಿಲ್ಲ, ನೇರವಾಗಿಯೇ ಇಳಿಸಬೇಕು. 5 ಅಡಿಗೆ 1 ಅಡಿ ಏರುವ ಓಣಿಗಳು ಈ ಕಡೆ ಅಪೂರ್ವವಲ್ಲ. ನೆಲವನ್ನು ತಿದ್ದಲಾರದವನು ಯಂತ್ರವನ್ನು ತಿದ್ದಬೇಕು. ಲೋ ಗಿಯರಿನ ಚರಿತ್ರೆಯ ಮೂಲ ಇಲ್ಲಿದೆ.

ಮಳೆಗಾಲದಲ್ಲಿ ವಾಹನವನ್ನು ಹೊರಗೆ ತೆಗೆಯದಿದ್ದರಾಯಿತು ಎಂದು ಹೊರಗಿನವರು ಹೇಳಬಹುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ಆ ಸಲಹೆ ವಿವೇಕದ್ದಾಗಿಯೇ ತೋರುತ್ತದೆ. ಆದರೆ ಅಡಿಕೆ ಅದಕ್ಕೆ ಒಪ್ಪುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಕುರಿತು ತಮ್ಮ ಸಂಶೋಧನೆಯನ್ನು 1910ರಲ್ಲಿ ಪ್ರಕಟಿಸಿದ ಬಳಿಕ ಮೈಲುತುತ್ತು ಮತ್ತು ಸುಣ್ಣಗಳ ಬೋರ್ಡೋ ದ್ರಾವಣವು ಅಡಿಕೆ ಬೆಳೆಗಾರರ ಮುಖ್ಯ ರಕ್ಷೆಯಾಯಿತು. ಅದನ್ನು ಮಳೆ ಹಿಡಿಯುವ ಮೊದಲೊಮ್ಮೆ ಸಿಂಪಡಿಸಬೇಕು. ಮತ್ತೆ 40-45 ದಿನಗಳ ಬಳಿಕ, ಎಂದರೆ ಓಣಿಗಳೆಲ್ಲ ಕೆಸರಾಗಿರುವ ಜುಲೈ ತಿಂಗಳ ನಡುವೆ, ಇನ್ನೊಮ್ಮೆ ಸಿಂಪಡಿಸಬೇಕು. ಪೀಪಾಯಿ, ಪಂಪು, ಸುಣ್ಣದ ಚೀಲ, ಕೆಲಸದವರು ತೋಟಕ್ಕೆ ಇಳಿಯಬೇಕಾದುದು ದಾರಿ ಅತ್ಯಂತ ಕೆಟ್ಟಿರುವ ಹೊತ್ತಿನಲ್ಲಿಯೇ. ಕಾಯಿಲೆಯೂ ಹೆರಿಗೆಯೂ ಋತುವನ್ನು ನೋಡಿ ಬರುವವಲ್ಲ ಎಂದು ಬೇರೆ ಹೇಳಬೇಕಾದುದಿಲ್ಲ.

3

ಇನ್ನು ಗಿಯರಿನ ತತ್ತ್ವ. ವಿಜ್ಞಾನದ ಪರಿಚಯವುಳ್ಳವರಿಗೆ ಇದು ತಿಳಿದ ವಿಷಯ. ಚರಿತ್ರೆಯ ವಿದ್ಯಾರ್ಥಿಗಳಿಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಮುರಕಲ್ಲಿನ ದೊಡ್ಡ ಗುಂಡನ್ನು ಮೀಟಿ ಸರಿಸುವವನು ಉದ್ದನೆಯ ಸನ್ನೆಗೋಲನ್ನು ಹಿಡಿಯುತ್ತಾನೆ. ಅವನ ಕೈ ಒಂದು ಮೊಳ ಇಳಿದರೆ ಕಲ್ಲು ಒಂದು ಅಂಗುಲ ಏರುತ್ತದೆ. ಚಲನೆಯಲ್ಲಿ ಕಳೆದುಕೊಂಡುದನ್ನು ಅವನು ಬಲದಲ್ಲಿ ಗಳಿಸುತ್ತಾನೆ. ಗಿಯರು ಎಂಬುದು ಎಡೆಬಿಡದೆ ಸುತ್ತುವ ಸನ್ನೆಗೋಲು. 8 ಹಲ್ಲುಗಳ ಚಿಕ್ಕ ಚಕ್ರವು 43 ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸಿದರೆ ಚಿಕ್ಕದು ಸುಮಾರು 5.38 ಸುತ್ತು ಬಂದಾಗ ದೊಡ್ಡದು ಒಂದು ಸುತ್ತು ಬರುತ್ತದೆ. ಬಲ ಅಷ್ಟೇ ಪಾಲು ಹೆಚ್ಚುತ್ತದೆ. ಈ 5.38 ಎಂಬ ಸಂಖ್ಯೆಯನ್ನು ಆ ಜೋಡಿಯ ಪ್ರಮಾಣ ಎನ್ನೋಣ. ಪ್ರಮಾಣದ ಸಂಖ್ಯೆ ದೊಡ್ಡದಾದಷ್ಟೂ ಗಿಯರು ‘ಲೋ’ ಆಗುತ್ತದೆ, ವೇಗ ತಗ್ಗುತ್ತದೆ, ಬಲ ಏರುತ್ತದೆ. ಸಂಖ್ಯೆ ಏರಿದಾಗ ಹೆಸರು ಇಳಿಯುವ ಈ ವಿಚಿತ್ರವನ್ನು ಓದುಗರು ನೆನಪಿನಲ್ಲಿಡಬೇಕು.

ಜೀಪಿನಲ್ಲಿ ಇಂಥ ತಗ್ಗಿಸುವಿಕೆ ಮೂರು ಸ್ಥಳಗಳಲ್ಲಿ ನಡೆಯುತ್ತದೆ. ಮೊದಲನೆಯದು ಎಂಜಿನ್ನಿನ ಹಿಂದಿನ ಗಿಯರುಪೆಟ್ಟಿಗೆ. ಎರಡನೆಯದು ಅದರ ಬೆನ್ನಿಗೆ ಅಂಟಿಕೊಂಡಿರುವ, ಮೆಕ್ಯಾನಿಕರು ಟ್ರಾನ್ಸ್‌ಫರ್ ಬಾಕ್ಸ್ ಎನ್ನುವ, ಇನ್ನೊಂದು ಪೆಟ್ಟಿಗೆ. ಇದು ಶಕ್ತಿಯನ್ನು ಮುಂದಿನ ಹಿಂದಿನ ಎರಡು ಅಚ್ಚುಗಳಿಗೂ ಹಂಚುತ್ತದೆ. ಬೇಕಾದಾಗ ಇಡೀ ವ್ಯವಸ್ಥೆಯನ್ನು ಇನ್ನೊಂದು ಮೆಟ್ಟಿಲು ತಗ್ಗಿಸುತ್ತದೆ. ಮೂರನೆಯದು ಅಚ್ಚಿನ ನಡುವೆ ಇರುವ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ. ಮೊದಲೆರಡನ್ನು ಚಾಲಕನು ಕೈಯಿಂದ ಬದಲಿಸಬಲ್ಲ. ಮೂರನೆಯದನ್ನು ಬದಲಿಸಬೇಕಾದರೆ ಅಚ್ಚನ್ನೇ ಬಿಚ್ಚಬೇಕು, ಆದುದರಿಂದ ಅದು ಮಾಲಿಕನ ನಿರ್ಧಾರ. ಹಳೆಯ ಜೀಪಿನ ನೆಲದಲ್ಲಿ ಮೂರು ಸನ್ನೆಗೋಲುಗಳು ನಿಂತಿರುವುದು ಈ ಕಾರಣದಿಂದ. ಉದ್ದನೆಯದು ಗಿಯರಿನದು, ಗಿಡ್ಡವೆರಡರಲ್ಲಿ ಒಂದು ಮುಂದಿನ ಅಚ್ಚನ್ನು ಕೂಡಿಸುವುದು, ಇನ್ನೊಂದು ಹೈ-ಲೋಗಳನ್ನು ಆರಿಸುವುದು. ಮುಂದಿನ ಅಚ್ಚನ್ನು ಕೂಡಿಸದೆ ಲೋ ಹಾಕಲು ಬಾರದಂತೆ ಒಳಗೆ ತಡೆಯೊಂದನ್ನು ಇಟ್ಟಿರುತ್ತಾರೆ. ಹೆಚ್ಚಿದ ಬಲವೆಲ್ಲ ಹಿಂದಿನ ಅಚ್ಚೊಂದರ ಮೇಲೆಯೇ ಬಿದ್ದು ಅದು ಮುರಿಯಬಾರದೆಂಬುದು ಇದರ ಉದ್ದೇಶ.

4

ಜೀಪಿನ ಜನನದ ಕಥೆ ಪ್ರಸಿದ್ಧವಾದುದು. ಅಮೆರಿಕದ ಸೈನ್ಯವು 1940ರ ಬೇಸಗೆಯಲ್ಲಿ ಹಗುರವಾದ ನಾಲ್ಕು ಚಕ್ರಗಳ ಚಾಲನೆಯ ವಾಹನವೊಂದಕ್ಕಾಗಿ ಕೇಳಿಕೆ ಹೊರಡಿಸಿತು. ಬಾಂಟಮ್ ಕಂಪೆನಿಗಾಗಿ ಕಾರ್ಲ್ ಪ್ರಾಬ್‌ಸ್ಟ್ ರಚಿಸಿದ ಮೊದಲ ಮಾದರಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೈನ್ಯದ ಕೈ ಸೇರಿತು. 1941ರಿಂದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪೆನಿಯು ‘ಎಂಬಿ’ ಎಂಬ ಹೆಸರಿನಿಂದಲೂ, ಫೋರ್ಡ್ ಕಂಪೆನಿಯು ‘ಜಿಪಿಡಬ್ಲ್ಯು’ ಎಂಬ ಹೆಸರಿನಿಂದಲೂ ಒಂದೇ ನಮೂನೆಯ ವಾಹನವನ್ನು ತಯಾರಿಸಿದುವು. ಯುದ್ಧ ಮುಗಿಯುವಷ್ಟರಲ್ಲಿ ಇವುಗಳ ಒಟ್ಟು ಸಂಖ್ಯೆ ಆರು ಲಕ್ಷವನ್ನು ಮೀರಿತ್ತು.

ಈ ಯುದ್ಧದ ಜೀಪಿನ ಪ್ರಮಾಣಗಳನ್ನು ನೋಡಬೇಕು. ಮೊದಲನೆಯ ಗಿಯರು 2.665; ಟ್ರಾನ್ಸ್‌ಫರ್ ಬಾಕ್ಸಿನ ಲೋ 1.97, ಅಚ್ಚು 4.88. ಮೂರನ್ನೂ ಗುಣಿಸಿದರೆ 25.6 ಆಗುತ್ತದೆ. ಎಂದರೆ ಅತ್ಯಂತ ಲೋ ಸ್ಥಿತಿಯಲ್ಲಿ ಎಂಜಿನ್ನು 25.6 ಸುತ್ತು ಬಂದಾಗ ಚಕ್ರ ಒಂದು ಸುತ್ತು.

ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ವಿಲ್ಲಿಸ್ ಕಂಪೆನಿಯು ಅದೇ ಜೀಪನ್ನು ಕೃಷಿಕರಿಗಾಗಿ ‘ಸಿಜೆ-2ಎ’ ಎಂದು ಹೊರತಂದಿತು. ಹೊರಗಿನಿಂದ ನೋಡುವವರಿಗೆ ಇದು ಸಹೋದರನಂತೆ ಕಾಣುತ್ತದೆ. ಒಳಗಿನ ಲೆಕ್ಕವೇ ಬೇರೆ. ಮೊದಲನೆಯ ಗಿಯರು 2.798, ಟ್ರಾನ್ಸ್‌ಫರ್ ಬಾಕ್ಸಿನ ಲೋ 2.46, ಅಚ್ಚು 5.38. ಗುಣಲಬ್ಧ 37. ನೇಗಿಲನ್ನು ಎಳೆಯಬೇಕಾದ, ಹೊಲದಲ್ಲಿ ಮನುಷ್ಯನ ನಡಿಗೆಯ ವೇಗದಲ್ಲಿ ಗಂಟೆಗಟ್ಟಲೆ ಸಾಗಬೇಕಾದ ಜೀಪಿಗೆ ಸೈನ್ಯದ ಗಿಯರು ಸಾಲದೆಂದು ಕಂಪೆನಿಯು ಮೂರು ಸ್ಥಳಗಳಲ್ಲಿಯೂ ಪ್ರಮಾಣವನ್ನು ತಗ್ಗಿಸಿತು. ಒಟ್ಟಿನ ತಗ್ಗು ನೂರಕ್ಕೆ 44ರಷ್ಟು. ಎಂಜಿನ್ನಿನಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಿರಲಿಲ್ಲ. ಜೀಪು ಯುದ್ಧಭೂಮಿಯಿಂದ ನೇರವಾಗಿ ತೋಟಕ್ಕೆ ಬಂತೆಂಬ ಮಾತು ಅರ್ಧಸತ್ಯವೆಂದು ನಾವು ಹೇಳುವುದು ಈ ಅಂಕೆಗಳ ಆಧಾರದಿಂದ.

ಭಾರತದಲ್ಲಿ ಈ ಎರಡು ಬಗೆಯ ಜೀಪುಗಳೂ ಒಂದೇ ಕಾಲದಲ್ಲಿ ದೊರೆಯುತ್ತಿದ್ದುವು ಎಂಬುದು ಗಮನಾರ್ಹ. ಯುದ್ಧಾನಂತರ ಸೈನ್ಯದ ಹೆಚ್ಚುವರಿ ವಾಹನಗಳು ಹರಾಜಿಗೆ ಬಂದು ‘ಡಿಸ್ಪೋಸಲ್ ಜೀಪು’ಗಳೆಂಬ ಹೆಸರಿನಿಂದ ನಾಡಿನಲ್ಲೆಲ್ಲ ಹರಡಿದುವು. ಇನ್ನೊಂದು ಕಡೆ, 1945ರಲ್ಲಿ ಸ್ಥಾಪಿತವಾಗಿ ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಪಡೆದ ಕಂಪೆನಿಯು 1947ರಲ್ಲಿ ವಿಲ್ಲಿಸ್‌ನಿಂದ 75 ವಾಹನಗಳ ಬಿಡಿಭಾಗಗಳನ್ನು ತರಿಸಿತು. 1949ರಲ್ಲಿ ಮಜಗಾಂವಿನಲ್ಲಿ ಜೀಪುಗಳ ಜೋಡಣೆಗೆ ತೊಡಗಿತು. ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾದ ಸಿಜೆ-3ಬಿ ಮಾದರಿಯು ಇಲ್ಲಿ ಅದಕ್ಕೂ ಎಷ್ಟೋ ದಶಕಗಳ ಕಾಲ ಬಾಳಿತು. ನಮ್ಮ ಕಡೆಯ ಹಿರಿಯರು ‘ಪೆಟ್ರೋಲ್ ಜೀಪು’ ಎಂದಾಗ ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು, ಎಂಜಿನ್ನಿನ ಎತ್ತರಕ್ಕಾಗಿ ಬಾನೆಟ್ಟನ್ನು ಎತ್ತಿ ಕಟ್ಟಿದ ಈ ರೂಪ. ಇದು ಯುದ್ಧದ ಜೀಪಿನ ಪ್ರಮಾಣವನ್ನಲ್ಲ, ಕೃಷಿಯ ಜೀಪಿನ 5.38ರ ಪ್ರಮಾಣವನ್ನೇ ಪಡೆದುಕೊಂಡು ಬಂದಿತು. ಸುಮಾರು 1950ರ ದಶಕದಲ್ಲಿ ಜೀಪು ಕೊಳ್ಳಹೊರಟ ಬೆಳೆಗಾರನ ಮುಂದೆ, ಅವನಿಗೆ ತಿಳಿದಿರಲಿ ಇಲ್ಲದಿರಲಿ, ಎರಡು ಪ್ರಮಾಣಗಳ ಆಯ್ಕೆಯಿತ್ತು.

5

ಈ ಅಂಕೆಗಳನ್ನು ಸವಣೂರಿನ ಓಣಿಯೊಂದಕ್ಕೆ ಅನ್ವಯಿಸಿ ನೋಡೋಣ. ಜೀಪಿನ 6.00-16 ಅಳತೆಯ ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುತ್ತದೆ. ಎಂಜಿನ್ನು ನಿಮಿಷಕ್ಕೆ 1,000 ಸುತ್ತು ಬರುತ್ತಿರುವಾಗ, ಮೊದಲನೆಯ ಗಿಯರಿನ ಲೋ ಸ್ಥಿತಿಯಲ್ಲಿ, ಯುದ್ಧದ ಜೀಪು ಗಂಟೆಗೆ ಸುಮಾರು 5 ಕಿಲೋಮೀಟರು ಹೋಗುತ್ತದೆ. ಕೃಷಿಯ ಜೀಪು ಮೂರೂವರೆ ಕಿಲೋಮೀಟರು. ಮೊದಲನೆಯದು ಚುರುಕಾಗಿ ನಡೆಯುವವನ ವೇಗ. ಎರಡನೆಯದು ತಲೆಯ ಮೇಲೆ ಹೊರೆಹೊತ್ತವನ ವೇಗ. ಓಣಿಯಲ್ಲಿ ಬೇಕಾದುದು ಹೊರೆಹೊತ್ತವನ ವೇಗ.

ಲೋ ಇಲ್ಲದೆ ಬರಿಯ ಮೊದಲನೆಯ ಗಿಯರಿನಲ್ಲಿ ಏರಿದರೆ ಆಗದೆ? ಸಿಜೆ-3ಬಿಯ ಎಂಜಿನ್ನು ತನ್ನ ಅತ್ಯಧಿಕ ತಿರುಗುಬಲವನ್ನು, ಎಂದರೆ ಸುಮಾರು 15.8 ಕಿಲೋಗ್ರಾಂ-ಮೀಟರನ್ನು, ನಿಮಿಷಕ್ಕೆ 2,000 ಸುತ್ತಿನಲ್ಲಿ ಕೊಡುತ್ತದೆ. ಹೈ ಸ್ಥಿತಿಯ ಮೊದಲನೆಯ ಗಿಯರಿನ ಒಟ್ಟು ಪ್ರಮಾಣ 15. ದಾರಿಯಲ್ಲಿ ಸೋರಿಹೋಗುವುದನ್ನು ಕಳೆದರೆ ಚಕ್ರಗಳ ತಳದಲ್ಲಿ ಐನೂರು ಕಿಲೋಗ್ರಾಮಿಗೆ ಮೀರಿದ ಎಳೆತ ಉಳಿಯುತ್ತದೆ. ಹೊರೆಸಹಿತ ಒಂದೂವರೆ ಟನ್ನಿನ ಜೀಪು 5ಕ್ಕೆ 1ರ ಏರನ್ನು ಹತ್ತಲು ಸುಮಾರು 300 ಕಿಲೋಗ್ರಾಮಿನ ಎಳೆತ ಬೇಕು. ಕೆಸರಿನ ತಡೆಗೆ ತೂಕದ ಹತ್ತನೆಯ ಒಂದು ಪಾಲನ್ನು, ಎಂದರೆ 150 ಕಿಲೋಗ್ರಾಮನ್ನು, ಸೇರಿಸಿದರೂ 450. ಕಾಗದದ ಮೇಲೆ ಜೀಪು ಏರಬೇಕು. ಆದರೆ ಆ ಬಲ ದೊರೆಯುವುದು 2,000 ಸುತ್ತಿನಲ್ಲಿ, ಆಗ ಹೈ ಗಿಯರಿನ ವೇಗ ಗಂಟೆಗೆ 17-18 ಕಿಲೋಮೀಟರು. ಗಾಲಿಯಷ್ಟು ಆಳದ ಚಡಿಗಳೂ, ಬೇರುಗಳೂ, ತಿರುವುಗಳೂ ಇರುವ ಓಣಿಯಲ್ಲಿ ಆ ವೇಗ ಅಸಾಧ್ಯ. ಆಗ ಚಾಲಕನು ಕ್ಲಚ್ಚನ್ನು ಅರ್ಧ ಒತ್ತಿಹಿಡಿದು ಎಂಜಿನ್ನನ್ನು ವೇಗವಾಗಿಯೂ ಗಾಡಿಯನ್ನು ನಿಧಾನವಾಗಿಯೂ ನಡೆಸಲು ಯತ್ನಿಸುತ್ತಾನೆ. ಕ್ಲಚ್ಚು ಉರಿದ ವಾಸನೆ ಮಳೆಗಾಲದ ಚಡಾವುಗಳಲ್ಲಿ ಯಾರಿಗೆ ತಾನೆ ಪರಿಚಿತವಲ್ಲ? ಲೋ ಹಾಕಿದರೆ ಅದೇ 2,000 ಸುತ್ತಿನಲ್ಲಿ ವೇಗ 7 ಕಿಲೋಮೀಟರು ಮಾತ್ರ. ಕ್ಲಚ್ಚನ್ನು ಮುಟ್ಟಬೇಕಾಗಿಯೇ ಇಲ್ಲ. ಬಲ ಸಾಲದೆಂಬುದು ಓಣಿಯ ಸಮಸ್ಯೆಯಲ್ಲ. ಬಲವು ಸರಿಯಾದ ವೇಗದಲ್ಲಿ ದೊರೆಯಬೇಕೆಂಬುದೇ ಅದರ ಸಮಸ್ಯೆ.

ಇಳಿಯುವಾಗಿನ ಉಪಕಾರ ಇನ್ನೂ ದೊಡ್ಡದು. ನೀರು ಕುಡಿದ ಡ್ರಂ ಬ್ರೇಕುಗಳು ಹಿಡಿಯುವುದಿಲ್ಲ. ಹಿಡಿದರೂ ಪಾಚಿ ಕಟ್ಟಿದ ಮುರದ ಮೇಲೆ ಚಕ್ರ ನಿಂತು ಗಾಡಿ ಜಾರುತ್ತದೆ. ಲೋ ಗಿಯರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಚಕ್ರಗಳೂ ನಾಲ್ಕೂ ಸುತ್ತುತ್ತಲೇ ಇರುತ್ತವೆ. ಗಾಡಿಯು ತೋಟಕ್ಕೆ ಏರಿ ಹೋಗುವುದಲ್ಲ, ಇಳಿದು ಹೋಗುವುದು ಎಂಬ ಈ ಸೀಮೆಯ ವಿಶೇಷವನ್ನು ನೆನೆದರೆ ಇದರ ಮಹತ್ತ್ವ ತಿಳಿಯುತ್ತದೆ.

ಹಾಗೆಂದು ಲೋ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಚಕ್ರ ನೆಲವನ್ನು ಹಿಡಿಯುವ ಶಕ್ತಿಗೆ ಮಿತಿಯುಂಟು. ಅದನ್ನು ಮೀರಿದ ಬಲ ಕೆಸರನ್ನು ಹಿಂದಕ್ಕೆ ಎರಚುವುದಕ್ಕಷ್ಟೆ ಉಪಯೋಗ. ಮತ್ತು ಅಚ್ಚಿನ ಪ್ರಮಾಣವನ್ನು ತಗ್ಗಿಸಿದವನು ಅದರ ಬೆಲೆಯನ್ನು ಡಾಂಬರು ಮಾರ್ಗದಲ್ಲಿ ತೆರುತ್ತಾನೆ. 5.38ರ ಜೀಪು ಮೂರನೆಯ ಗಿಯರಿನಲ್ಲಿ ಪ್ರತಿ 1,000 ಸುತ್ತಿಗೆ ಸುಮಾರು 24.5 ಕಿಲೋಮೀಟರು ಹೋದರೆ 4.88ರದು 27 ಕಿಲೋಮೀಟರು, 4.27ರದು 31 ಕಿಲೋಮೀಟರು ಹೋಗುತ್ತದೆ. ತೋಟದ ಗಿಯರು ಮಂಗಳೂರಿನ ದಾರಿಯಲ್ಲಿ ಗದ್ದಲವೂ ಹೌದು, ಇಂಧನದ ನಷ್ಟವೂ ಹೌದು.

6

ಇಲ್ಲಿ ನಾವು ಎಸಗಿದ ತಪ್ಪೊಂದನ್ನು ಹೇಳಿಬಿಡುವುದು ಉಚಿತ. ಸವಣೂರಿನ ಸುತ್ತಿನಲ್ಲಿ ಹಳೆಯ ಜೀಪುಗಳನ್ನು ನೋಡಿಕೊಂಡು ಬರುವಾಗ, ಹಟ್ಟಿಯ ಪಕ್ಕದ ಕೊಟ್ಟಿಗೆಯಲ್ಲಿ ನಿಂತಿದ್ದ ಒಂದನ್ನು ಅದರ ಚಾಸಿಯನ್ನೂ ತಗ್ಗಾದ ಬಾನೆಟ್ಟನ್ನೂ ನೋಡಿ ಯುದ್ಧದ ಜೀಪೆಂದು ಟಿಪ್ಪಣಿ ಮಾಡಿಕೊಂಡೆವು. ಅದರ ಪ್ರಮಾಣ 4.88 ಎಂದು, ಪರೀಕ್ಷಿಸದೆಯೇ, ಬರೆದುಕೊಂಡೆವು. ಮನೆಯ ಹಿರಿಯರು ನಮ್ಮ ಪುಸ್ತಕವನ್ನು ನೋಡಿ ನಕ್ಕು, ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿಸಿದರು. ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟಿನ ಮೇಲಿನ ಸೀಮೆಸುಣ್ಣದ ಗೆರೆ ಐದು ಸುತ್ತು ಬಂದು ಇನ್ನೂ ಕಾಲು ಸುತ್ತಿಗಿಂತ ಮುಂದೆ ನಿಂತಿತು. 43ನ್ನು 8ರಿಂದ ಭಾಗಿಸಿದರೆ ಐದೂ ಮೂರೆಂಟಾಂಶ. 4.88ರ ಅಚ್ಚಾಗಿದ್ದರೆ, ಅದರ ಹಲ್ಲುಗಳು 39 ಮತ್ತು 8 ಆಗಿರುವುದರಿಂದ, ಗೆರೆ ಐದು ಸುತ್ತನ್ನೇ ಮುಟ್ಟುತ್ತಿರಲಿಲ್ಲ. ಯುದ್ಧದ ಜೀಪಿನ ಮೈಯೊಳಗೆ ಕೃಷಿಯ ಜೀಪಿನ ಹಲ್ಲುಗಳನ್ನು ಕೂಡಿಸಲಾಗಿತ್ತು. ಹಿಂದಿನ ಅಚ್ಚಿಗೆ ಮಾತ್ರವಲ್ಲ, ಮುಂದಿನದಕ್ಕೂ. ಎರಡರ ಪ್ರಮಾಣ ಸಮವಾಗಿಲ್ಲದಿದ್ದರೆ ನಾಲ್ಕು ಚಕ್ರ ಹಾಕಿದ ಕೂಡಲೆ ಮುಂದಿನದು ಹಿಂದಿನದನ್ನು ಎಳೆದಾಡಿ ಏನಾದರೊಂದು ಮುರಿಯುತ್ತದೆ.

ಯಾರೋ ಎಂದೋ, ಮಾರ್ಗದಲ್ಲಿ ಓಡುತ್ತಿದ್ದ ಗಾಡಿಯ ಎರಡು ಅಚ್ಚುಗಳನ್ನೂ ಬಿಚ್ಚಿಸಿ, ಖರ್ಚುಮಾಡಿ, ಅದರ ವೇಗವನ್ನು ಬೇಕೆಂದೇ ಕಡಮೆ ಮಾಡಿಸಿದ್ದರು. ಯಾವ ದಫ್ತರಿನಲ್ಲಿಯೂ ಇದು ದಾಖಲಾಗುವುದಿಲ್ಲ. ನೋಂದಣಿಯ ಪುಸ್ತಕದಲ್ಲಿ ಎಂಜಿನ್ನಿನ ಸಂಖ್ಯೆಯಿರುತ್ತದೆ, ಚಾಸಿಯ ಸಂಖ್ಯೆಯಿರುತ್ತದೆ. ಕ್ರೌನ್ ಪಿನಿಯನ್ನುಗಳ ಹಲ್ಲಿನ ಲೆಕ್ಕವಿರುವುದಿಲ್ಲ. ಶಾಸನವನ್ನು ಓದದೆ ಕಲ್ಲಿನ ಆಕಾರದಿಂದ ಕಾಲನಿರ್ಣಯ ಮಾಡುವವನು ಎಡವುವಂತೆ ನಾವು ಎಡವಿದೆವು. ಆದರೆ ಆ ತಪ್ಪಿನಿಂದಲೇ ಈ ಲೇಖನದ ದಾರಿ ಕಂಡಿತು.

7

ಮುಂದಿನ ಘಟ್ಟ ಡೀಸೆಲಿನದು. ಪೆಟ್ರೋಲಿಗಿಂತ ಡೀಸೆಲಿಗೆ ಬೆಲೆ ಕಡಮೆಯಾದುದರಿಂದ ಜೀಪುಗಳಿಗೆ ಡೀಸೆಲ್ ಎಂಜಿನ್ನುಗಳು ಬಂದುವು. ಎಷ್ಟೋ ಹಳೆಯ ಪೆಟ್ರೋಲ್ ಜೀಪುಗಳೂ ಗ್ಯಾರೇಜುಗಳಲ್ಲಿ ಡೀಸೆಲ್ ಎಂಜಿನ್ನನ್ನು ಪಡೆದುವು. ಫ್ರಾನ್ಸಿನ ಪ್ಯೂಜೋ ಕಂಪೆನಿಯ ಡೀಸೆಲ್ ಎಂಜಿನ್ನನ್ನು ತಯಾರಿಸುವ ಪರವಾನಗಿಯನ್ನು ಮಹೀಂದ್ರ ಕಂಪೆನಿ ಪಡೆದುದು 1979ರಲ್ಲಿ. ಹಳೆಯ ಬಗೆಯ ಡೀಸೆಲ್ ಎಂಜಿನ್ನು ಪೆಟ್ರೋಲಿನದರಷ್ಟು ವೇಗವಾಗಿ ಸುತ್ತುವುದಿಲ್ಲ. ಕೆಳಗಿನ ಸುತ್ತಿನಲ್ಲಿಯೇ ಬಲ ಕೊಡುತ್ತದೆ. ಆದುದರಿಂದ 5.38ರ ಅಚ್ಚಿನೊಂದಿಗೆ ಅದು ಮಾರ್ಗದಲ್ಲಿ ತೀರ ನಿಧಾನವಾಯಿತು. ಮಾಲಿಕರು ಈ ಸಲ ವಿರುದ್ಧ ದಿಕ್ಕಿನ ಆಯ್ಕೆಗೆ ತೊಡಗಿದರು, 4.88, 4.27 ಮೊದಲಾದ ಹೈ ಪ್ರಮಾಣಗಳನ್ನು ಹುಡುಕಿದರು. ಡೀಸೆಲಿಗೆ ಬಲವಿದೆ, ಲೋ ಏತಕ್ಕೆ ಎಂಬ ಮಾತು ಬಳಕೆಗೆ ಬಂತು. ಏರುವಾಗ ಈ ಮಾತು ಬಹುಮಟ್ಟಿಗೆ ನಿಜ. ಇಳಿಯುವಾಗ ಅಷ್ಟು ನಿಜವಲ್ಲ.

ಇದೇ ಕಾಲದ ಇನ್ನೊಂದು ಸಂಗತಿ ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಗಹನವಾದುದು. ಬಸ್ಸು ಹೋಗದ ಹಳ್ಳಿಗಳಿಗೆ ಪುತ್ತೂರು, ಸುಳ್ಯ, ಬೆಳ್ತಂಗಡಿಗಳ ಕಡೆ ‘ಸರ್ವಿಸ್ ಜೀಪು’ಗಳು ಓಡಾಡಿದುವು. ಶಾಲೆಯ ಮಕ್ಕಳು, ಸಂತೆಯ ಸಾಮಾನು, ಬೀಡಿಯ ಕಟ್ಟುಗಳನ್ನು ಹಿಡಿದ ಹೆಂಗಸರು, ಆಸ್ಪತ್ರೆಗೆ ಹೋಗುವ ರೋಗಿಗಳು ಎಲ್ಲರಿಗೂ ಇವೇ ಗತಿ. ಹೆಚ್ಚು ಜನ ಹಿಡಿಯಲೆಂದು ಉದ್ದವಾಗಿ ಕಟ್ಟಿದ ಇಂಥ ಬಾಡಿಗೆಯ ಗಾಡಿಗಳಲ್ಲಿ ಹಲವಕ್ಕೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ. ಟ್ರಾನ್ಸ್‌ಫರ್ ಬಾಕ್ಸ್ ಇಲ್ಲ. ಎಂದಮೇಲೆ ಲೋ ಕೂಡ ಇಲ್ಲ. ನೆಲದಲ್ಲಿ ಒಂದೇ ಸನ್ನೆಗೋಲು. ಬೆಲೆಯೂ ಖರ್ಚೂ ಕಡಮೆಯೆಂಬುದು ಕಾರಣ. ಕಡಮೆ ಜನ ಕೂರುವ ತೋಟದ ಜೀಪಿಗೆ ಮೂರು ಸನ್ನೆಗೋಲು. ತುಂಬಿ ತುಳುಕುವ ಬಾಡಿಗೆಯ ಜೀಪಿಗೆ ಒಂದು. ಚಡಾವಿನ ಬುಡದಲ್ಲಿ ಜನರೆಲ್ಲ ಇಳಿದು, ಖಾಲಿ ಗಾಡಿಯ ಹಿಂದೆ ಮಳೆಯಲ್ಲಿ ನಡೆದು, ನೆತ್ತಿಯಲ್ಲಿ ಮತ್ತೆ ಹತ್ತಿದ ನೆನಪು ಈ ಸೀಮೆಯಲ್ಲಿ ನಡುವಯಸ್ಸಿನವರಿಗೆಲ್ಲ ಇದೆ. ಆ ಗಾಡಿಯಲ್ಲಿಲ್ಲದ ಗಿಯರಿನ ಕೆಲಸವನ್ನು ಪ್ರಯಾಣಿಕರ ಕಾಲುಗಳು ಮಾಡಿದುವು. ಜೀಪು ಬಂದುದರಿಂದ ಹಳ್ಳಿಗೆ ಸಾರಿಗೆಯಾಯಿತು ಎಂದು ಒಂದೇ ವಾಕ್ಯದಲ್ಲಿ ಮುಗಿಸುವ ಚರಿತ್ರೆಯು ಈ ಭೇದವನ್ನು ಕಾಣದು.

8

ಇಂದು ಮಾರ್ಗಗಳು ಬಹಳ ಸುಧಾರಿಸಿವೆ. ಅನೇಕ ಓಣಿಗಳಿಗೂ ಕಾಂಕ್ರೀಟು ಬಿದ್ದಿದೆ. ಲೋ ಗಿಯರಿನ ಕಾಲ ಮುಗಿಯಿತೆಂದು ಹೇಳುವವರುಂಟು. ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು. ಕಾಂಕ್ರೀಟು ಓಣಿಯ ಕೆಸರನ್ನು ಹೋಗಲಾಡಿಸಿತೇ ಹೊರತು ಅದರ ಏರನ್ನಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಕ್ರೀಟು ಇಳಿಯುವವನಿಗೆ ಕೆಸರಿಗಿಂತಲೂ ಅಪಾಯಕಾರಿಯಾಗಬಹುದು. ಅಂಗಳದಿಂದ ತೋಟಕ್ಕಿರುವ ದಾರಿ ಇನ್ನೂ ಮಣ್ಣಿನದೇ. ನಾಲ್ಕು ಚಕ್ರಗಳಿಗೂ ಶಕ್ತಿಯುಂಟೆಂದು ಮಾರಾಟವಾಗುವ ಈಚಿನ ಕಾರುಗಳಲ್ಲಿ ಅನೇಕಕ್ಕೆ ಲೋ ಇಲ್ಲವೆಂಬುದನ್ನು ಕೊಳ್ಳುವವರು ಗಮನಿಸುವುದಿಲ್ಲ. ಜೀಪಿನ ಪರಂಪರೆಯಲ್ಲಿ 2010ರಲ್ಲಿ ಬಂದು 2020ರಲ್ಲಿ ಹೊಸ ರೂಪ ತಾಳಿದ ಮಹೀಂದ್ರ ಥಾರ್, 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಸುಜುಕಿ ಜಿಮ್ನಿ ಮೊದಲಾದವುಗಳಲ್ಲಿ ಎರಡನೆಯ ಸನ್ನೆಗೋಲು ಉಳಿದುಬಂದಿದೆ. ಹಳೆಯ ಜೀಪುಗಳಿಗೆ ದೊಡ್ಡ ಟಯರು ಹಾಕಿಸುವ ಶೋಕಿಯೂ ಉಂಟು. 28 ಅಂಗುಲದ ಟಯರಿನ ಸ್ಥಳದಲ್ಲಿ 31 ಅಂಗುಲದ್ದನ್ನು ಹಾಕಿದರೆ 5.38ರ ಅಚ್ಚು 4.86ರ ಅಚ್ಚಿನಂತೆ ನಡೆದುಕೊಳ್ಳುತ್ತದೆ. ಎಂದರೆ 1945ರಲ್ಲಿ ಅಚ್ಚಿನಲ್ಲಿ ಆದ ತಿದ್ದುಪಾಟನ್ನು ಒಂದು ಜೊತೆ ಟಯರು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಹಾಗೆ ಮಾಡಿದವನು ಪ್ರಮಾಣವನ್ನು ಇನ್ನೂ ತಗ್ಗಿಸಬೇಕು, ಇಲ್ಲವೆ ಹಳೆಯ ಟಯರಿನಲ್ಲಿಯೇ ತೃಪ್ತನಾಗಬೇಕು. ಯಾವುದನ್ನು ಆರಿಸಬೇಕೆಂದು ನಮ್ಮನ್ನು ಕೇಳಿದರೆ, ತನ್ನ ಗಾಡಿ ಹೆಚ್ಚು ಕಾಲ ಎಲ್ಲಿ ಓಡುತ್ತದೆ ಎಂಬುದಕ್ಕಿಂತ, ಅದು ಓಡಲೇಬೇಕಾದ ಅತ್ಯಂತ ಕೆಟ್ಟ ಸ್ಥಳ ಯಾವುದು ಎಂಬುದನ್ನು ನೋಡಿ ನಿರ್ಧರಿಸಬೇಕು ಎಂದು ಹೇಳುತ್ತೇವೆ. ಅಚ್ಚಿನ ಹಲ್ಲುಗಳನ್ನು ಬದಲಿಸಿದ ಆ ಅಜ್ಞಾತರು ಹಾಗೆ ನೋಡಿಯೇ ನಿರ್ಧರಿಸಿದ್ದರು.

ಚರಿತ್ರಕಾರರಿಗೆ ಕೊನೆಯ ಮಾತು. ಈ ಜಿಲ್ಲೆಯನ್ನು ಕುರಿತು ನಾವು ಮೊದಲು ತೆರೆಯುವ ಗ್ರಂಥಗಳು, 1807ರಲ್ಲಿ ಅಚ್ಚಾದ ಬುಕಾನನ್ನನ ಪ್ರವಾಸಕಥನವಾಗಲಿ 1894ರ ಸ್ಟರಕ್ಕನ ಕೈಪಿಡಿಯಾಗಲಿ, ಮೋಟಾರಿಗಿಂತ ಮೊದಲಿನವು. ಮೋಟಾರಿನ ಕಾಲಕ್ಕೆ ಆಕರವಾಗಬೇಕಾದ ಜೀಪುಗಳು 15 ವರ್ಷ ಕಳೆದ ಮೇಲೆ ನೋಂದಣಿಯನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು; ಆ ಖರ್ಚು ಬೇಡವೆಂದು ಅನೇಕವು ಗುಜರಿಗೆ ಹೋಗುತ್ತಿವೆ. ಅವುಗಳೊಂದಿಗೆ ಮೇಲೆ ಹೇಳಿದ ಆಯ್ಕೆಗಳ ಒಂದೇ ದಾಖಲೆಯೂ ಕರಗಿಹೋಗುತ್ತದೆ. ಹಳೆಯ ಜೀಪು ಕಂಡಲ್ಲಿ ಅದರ ಹಲ್ಲಿನ ಲೆಕ್ಕವನ್ನು ಬರೆದಿಡಬೇಕೆಂದು ನಮ್ಮ ವಿದ್ಯಾರ್ಥಿಗಳಲ್ಲಿ ವಿನಂತಿಸುತ್ತೇವೆ. ಗಾಡಿ ಸಮತಟ್ಟಾದ ನೆಲದಲ್ಲಿರಬೇಕು, ಉಳಿದ ಮೂರು ಚಕ್ರಗಳಿಗೂ ಕಲ್ಲು ಕೊಟ್ಟಿರಬೇಕು, ಗಿಯರು ನ್ಯೂಟ್ರಲ್ಲಿನಲ್ಲಿರಬೇಕು, ಹಳೆಯ ಜೀಪುಗಳ ಕೈಬ್ರೇಕು ಶಾಫ್ಟನ್ನೇ ಹಿಡಿಯುವುದರಿಂದ ಅದನ್ನು ಬಿಟ್ಟಿರಬೇಕು. ಹಿಂದಿನ ಒಂದು ಚಕ್ರವನ್ನಷ್ಟೆ ಎತ್ತಿ ಎರಡು ಸುತ್ತು ತಿರುಗಿಸಿ ಶಾಫ್ಟಿನ ಸುತ್ತುಗಳನ್ನು ಎಣಿಸಬೇಕು. ಒಂದು ಜಾಕಿ, ಒಂದು ತುಂಡು ಸೀಮೆಸುಣ್ಣ, ಮನೆಯವರ ಅನುಮತಿ ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಲೆಕ್ಕದ ಜೊತೆಗೆ, ಆ ಗಾಡಿ ಇಳಿಯುತ್ತಿದ್ದ ಓಣಿ ಯಾವುದೆಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಓಣಿಯ ಹೆಸರಿಲ್ಲದೆ ಹಲ್ಲಿನ ಲೆಕ್ಕ ಬರಿಯ ಅಂಕೆಯಾಗಿ ಉಳಿಯುತ್ತದೆ.